ಜಿಪ್ಸಿ ಇಂಜಿನ್ ಫುಲ್ ಬಿಚ್ಚಿ ಕಟ್ಟಿಸಿದೆ: ಹಾಸನದ ಈ ಗ್ಯಾರೇಜ್ ಹೆಂಗಿದೆ ಅಂದ್ರೆ

ಮಾರುತಿ ಜಿಪ್ಸಿ ಇಟ್ಕೊಂಡು ಇಂಜಿನ್ ಕೆಲಸಕ್ಕೆ ಜಾಗ ಹುಡುಕ್ತಿರೋರು ಯಾರಾದ್ರೂ ಇದ್ರೆ ಓದಿ, ಸ್ವಲ್ಪ ಉದ್ದ ಇದೆ. ನಂದು ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸೋದು) ಜಿಪ್ಸಿ ಕಿಂಗ್, ಜಿ13ಬಿಬಿ ಇಂಜಿನ್, 1298 ಸಿಸಿ, ನಾಲ್ಕು ಸಿಲಿಂಡರ್ 16 ವಾಲ್ವ್. ಸಕಲೇಶಪುರದ ಹತ್ರ ತೋಟದಲ್ಲೇ ಜಾಸ್ತಿ ಓಡೋದು, ಬೇಸಿಗೇಲಿ ಧೂಳು, ಮಳೇಲಿ ಕೆಸರು, ಮೀಟರ್‌ನಲ್ಲಿ ಕಿಲೋಮೀಟರ್ ಕಮ್ಮಿ ಕಂಡ್ರೂ ಅರ್ಧಕ್ಕರ್ಧ ಲೋ ಗೇರಲ್ಲೇ ದುಡಿದಿರೋ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ, ಏರು ಬಂದ್ರೆ ದಮ್ಮಿಲ್ಲ, ಆಯಿಲ್ ಕ್ಯಾಪ್ ತೆಗೆದ್ರೆ ಒಳಗಿಂದ ಬುಸುಬುಸು ಗಾಳಿ.

ಊರ ಕಡೆ ಕೇಳಿದ್ರೆ ಒಬ್ರು ಹೊಸ ಪಿಸ್ಟನ್ ರಿಂಗ್ ಹಾಕಿ ಸಾಕು ಅಂದ್ರು, ಇನ್ನೊಬ್ರು ಮಾರುತಿ ಎಸ್ಟೀಮ್ ಕಾರಿಂದು ಹಳೇ ಇಂಜಿನ್ ತಂದು ಕೂರ್ಸಿಬಿಡಿ ಅಂದ್ರು. ಎಸ್ಟೀಮಿಗೂ ಇದೇ ಇಂಜಿನ್ ಬರ್ತಿತ್ತು ನಿಜ, ಆದ್ರೆ ಅದರಲ್ಲಿ ಅಡ್ಡ ಕೂತಿರುತ್ತೆ, ಜಿಪ್ಸೀಲಿ ಉದ್ದಕ್ಕೆ, ಹಂಗಾಗಿ ಸಂಪು ಮ್ಯಾನಿಫೋಲ್ಡು ಎಲ್ಲಾ ಬದಲಾಯಿಸ್ಬೇಕು, ಅದರ ಮೇಲೆ ಆರ್‌ಸಿಲಿರೋ ಇಂಜಿನ್ ನಂಬರ್ ಬೇರೆ ಆಗುತ್ತೆ, ಆರ್‌ಟಿಒ ಆಫೀಸಿಗೆ ಅಲೆಯೋರು ಯಾರು ಮಾರಾಯ್ರೆ. ಹಂಗಾಗಿ ಹಾಸನದ ಈ ಗ್ಯಾರೇಜಿಗೆ ತಂದೆ. ಮುಂದೆ ಗ್ಯಾರೇಜು, ಹಿಂದೆ ಅವ್ರದ್ದೇ ಲೇತು, ಸಿಲಿಂಡರ್ ಒಳಗೆ ಕೊರೆದು ಅಗಲ ಮಾಡೋ ಬೋರಿಂಗ್ ಮಷೀನು.

ಮೇಸ್ತ್ರಿ ಬಾನೆಟ್ ಎತ್ತಿ ಮೊದಲು ಮಾಡಿದ್ದು ಕಂಪ್ರೆಷನ್ ಟೆಸ್ಟು, ಅಂದ್ರೆ ಒಂದೊಂದು ಸಿಲಿಂಡರಲ್ಲೂ ಒತ್ತಡ ಎಷ್ಟು ಬರುತ್ತೆ ಅಂತ ಅಳೆಯೋದು. ಈ ಇಂಜಿನ್‌ಗೆ ಹೊಸದ್ರಲ್ಲಿ ಚದರ ಸೆಂಟಿಮೀಟರಿಗೆ 14 ಕೆಜಿ ಹತ್ರ ಬರ್ಬೇಕು, 12ರ ಕೆಳಗೆ ಹೋದ್ರೆ ರಿಪೇರಿಗೆ ಬಂತು ಅಂತ ಲೆಕ್ಕ, ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಂದು ನಡುವಿನ ಎರಡೂ 10ರ ಕೆಳಗೆ. ಆಮೇಲೆ ಪ್ಲಗ್ ತೂತಿಂದ ಒಂದು ಚೂರು ಆಯಿಲ್ ಬಿಟ್ಟು ಮತ್ತೆ ನೋಡಿದ್ರು, ಮುಳ್ಳು ಸರ್ರಂತ ಏರ್ತು. ಆಯಿಲ್ ಹಾಕಿದಾಗ ಏರಿದ್ರೆ ರಿಂಗು-ಬೋರು (ಪಿಸ್ಟನ್ ಓಡಾಡೋ ಸಿಲಿಂಡರ್ ಒಳಗೋಡೆ) ಹೋಗಿದೆ, ಏರದೆ ಇದ್ರೆ ವಾಲ್ವ್ ಕಡೆ ನೋಡ್ಬೇಕು. ಇಷ್ಟು ಗೊತ್ತಾದ ಮೇಲೇನೇ ಇಂಜಿನ್ ಇಳಿಸೋ ಮಾತು ಎತ್ತಿದ್ದು, ಅದು ನಂಗೆ ಇಷ್ಟ ಆಯ್ತು.

ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿದ ಮೇಲೆ ಕರೆದು ತೋರ್ಸಿದ್ರು. "ಉಗುರು ಹಾಕಿ ನೋಡಿ ಸಾರ್, ಮೇಲ್ಗಡೆ ಸಿಕ್ಕಾಕೊಳ್ಳುತ್ತೆ." ನಿಜವಾಗ್ಲೂ ಸಿಲಿಂಡರ್ ಬಾಯಿಂದ ಸ್ವಲ್ಪ ಕೆಳಗೆ ಸುತ್ತ ಒಂದು ಅಂಚು ಎದ್ದಿತ್ತು, ಮೇಲಿನ ರಿಂಗ್ ಅಲ್ಲಿವರೆಗೆ ಬಂದು ವಾಪಸ್ ಹೋಗುತ್ತಲ್ಲ, ಅದರ ಕೆಳಗೆಲ್ಲ ಸವೆದಿದೆ, ಮೇಲೆ ಸವೆದಿಲ್ಲ. ಇದರೊಳಗೆ ಬರೀ ಹೊಸ ರಿಂಗ್ ಹಾಕಿದ್ರೆ ಆ ಅಂಚಿಗೆ ಬಡ್ಕೊಂಡು ಮುರಿಯೋ ಚಾನ್ಸ್ ಇದೆ, ಮುರೀದೆ ಇದ್ರೂ ಬೋರು ಮೊಟ್ಟೆ ಥರ ಆಗಿರೋದ್ರಿಂದ ಸರಿಯಾಗಿ ಕೂರಲ್ಲ. ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಉದ್ದ ಒಂದ್ಸಲ ಅಡ್ಡ ಒಂದ್ಸಲ, ನಾಲ್ಕೂ ಸಿಲಿಂಡರ್ ಅಳೆದು ಚಾಕ್‌ಪೀಸಲ್ಲಿ ಬ್ಲಾಕ್ ಮೇಲೇ ಬರೆದ್ರು. ಬೋರು 74 ಮಿಮೀ ಇರಬೇಕಾದ್ದು. 0.25 ಮಿಮೀ ದೊಡ್ಡ ಪಿಸ್ಟನ್ ಸೈಜಿಗೆ ಕೊರೆದ್ರೆ ಸವೆತ ಕ್ಲೀನ್ ಆಗಲ್ಲ, 0.50ಕ್ಕೇ ಹೋಗ್ಬೇಕು ಅಂದ್ರು.

ಇಲ್ಲಿ ಒಂದು ವಿಷ್ಯ ಗಮನಿಸಿ. ಪಿಸ್ಟನ್ ಕೈಗೆ ಬರೋವರೆಗೂ ಬೋರಿಂಗ್ ಮಾಡೋದಿಲ್ಲ ಅಂತ ಹಠ ಹಿಡಿದ್ರು. ಯಾಕೆ ಅಂದ್ರೆ ಪಿಸ್ಟನ್‌ಗೂ ಬೋರಿಗೂ ನಡುವೆ ಸಂದು ಬರೀ 0.02ರಿಂದ 0.04 ಮಿಮೀ, ಡಬ್ಬಿ ಮೇಲೆ 0.50 ಅಂತ ಬರೆದಿದ್ರೂ ಪಿಸ್ಟನ್‌ಗಳಲ್ಲಿ ಚೂರುಪಾರು ಹೆಚ್ಚುಕಮ್ಮಿ ಇರುತ್ತೆ, ಒಂದೊಂದನ್ನೂ ಮೈಕ್ರೋಮೀಟರಲ್ಲಿ ಹಿಡಿದು ಅದಕ್ಕೆ ತಕ್ಕಂಗೆ ಬೋರ್ ಮಾಡ್ಬೇಕು. ಬೆಂಗಳೂರು ಜೆಸಿ ರೋಡಿಂದ ಪಿಸ್ಟನ್ ಸೆಟ್, ಬೇರಿಂಗು, ಪ್ಯಾಕಿಂಗ್ ಕಿಟ್, ಟೈಮಿಂಗ್ ಬೆಲ್ಟು, ವಾಟರ್ ಪಂಪು ಎಲ್ಲಾ ನಾನೇ ತಂದ್ಕೊಟ್ಟೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟು) ಗ್ರೈಂಡಿಂಗ್ ಮಾಡಿ ಬಿಲ್ ಏರಿಸಬಹುದಿತ್ತು, ಅಳತೆ ಒಳಗೇ ಇದೆ ಅಂತ ಬರೀ ಪಾಲಿಶ್ ಮಾಡಿ ಬಿಟ್ರು. ಹೆಡ್ ಮಾತ್ರ ಸೊಟ್ಟ ಇತ್ತು, ಲಿಮಿಟ್ 0.05 ಮಿಮೀ, ಅದನ್ನ ದಾಟಿತ್ತು, ಹಂಗಾಗಿ ಅದರ ತಳ ಸಮ ಮಾಡೋ ಫೇಸಿಂಗ್ ಆಯ್ತು.

ಬೋರಿಂಗ್ ಆಗಿ, ಕಲ್ಲಲ್ಲಿ ಬೋರ್ ಒಳಗೆ ಉಜ್ಜೋ ಹೋನಿಂಗ್ ಆದ್ಮೇಲೆ ಬ್ಲಾಕ್ ತೊಳೆದಿದ್ದು ನೋಡ್ಬೇಕಿತ್ತು. ಎಷ್ಟೋ ಕಡೆ ಡೀಸೆಲ್‌ನಲ್ಲಿ ಬ್ರಷ್ ಆಡಿಸಿ ಗಾಳಿ ಹೊಡೆದು ಕಟ್ಟಿಬಿಡ್ತಾರೆ. ಇಲ್ಲಿ ಬಿಸಿನೀರು ಸೋಪಿನ ಪುಡಿ ಹಾಕಿ ಬೋರ್ ಒಳಗೆ ಉಜ್ಜಿ ಉಜ್ಜಿ, ಆಮೇಲೆ ಬಿಳೀ ಬನಿಯನ್ ಬಟ್ಟೇಲಿ ಒರೆಸಿದ್ರು, ಬಟ್ಟೆ ಬೂದು ಬಂತು, ಮತ್ತೆ ತೊಳೆದ್ರು, ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡ್ಲಿಲ್ಲ, ಬಂದ ತಕ್ಷಣ ತುಕ್ಕು ಹಿಡಿಯೋ ಮುಂಚೆ ಆಯಿಲ್ ಸವರಿದ್ರು. ಆ ಬೂದು ಬಣ್ಣ ಹೋನಿಂಗ್ ಕಲ್ಲಿನ ಪುಡಿ, ಒಳಗೆ ಉಳಿದ್ರೆ ಹೊಸ ರಿಂಗನ್ನೇ ತಿಂದುಹಾಕುತ್ತೆ. ಹೆಡ್ ಬೋಲ್ಟ್ ಕೂಡ ಟಾರ್ಕ್ ರೆಂಚಲ್ಲೇ, ಒಂದೇ ಸಲಕ್ಕಲ್ಲ, ಹಂತ ಹಂತವಾಗಿ.

ಇಂಜಿನ್ ಯಾಕೆ ಸವೆಯಿತು ಅಂತಾನೂ ಹುಡುಕಿದ್ರು, ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಅರ್ಧ ಬೆಲೆ ಇದಕ್ಕೇನೇ. ಏರ್ ಫಿಲ್ಟರ್‌ನಿಂದ ಥ್ರಾಟಲ್‌ಗೆ ಬರೋ ರಬ್ಬರ್ ಪೈಪ್ ಅಡಿಭಾಗದಲ್ಲಿ ಸೀಳಿತ್ತು, ಮೇಲಿಂದ ಕಾಣ್ತಾನೇ ಇರ್ಲಿಲ್ಲ, ಒಳಗೆ ಬೆರಳು ಆಡ್ಸಿ ತೆಗೆದ್ರೆ ನಮ್ಮ ತೋಟದ ಕೆಂಪು ಮಣ್ಣು ಕುಂಕುಮದ ಥರ ಅಂಟ್ಕೊಂಡಿತ್ತು. ಫಿಲ್ಟರ್ ಎಷ್ಟು ಹೊಸದು ಹಾಕಿದ್ರೇನು, ಗಾಳಿ ಅದನ್ನ ದಾಟಿದ ಮೇಲೆ ಧೂಳು ಎಳ್ಕೊಳ್ತಿದೆ. ಇನ್ನೊಂದು, ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋವರೆಗೂ ನೀರನ್ನ ರೇಡಿಯೇಟರ್‌ಗೆ ಬಿಡದ ವಾಲ್ವ್) ಇರ್ಲೇ ಇಲ್ಲ. ಹಿಂದೆ ಯಾವನೋ ಮೆಕ್ಯಾನಿಕ್ ಹೀಟ್ ಆಗುತ್ತೆ ಅಂತ ಕಿತ್ತು ಬಿಸಾಕಿದಾನೆ. ಕಾರ್ಬುರೇಟರ್ ಕಾಲದ ಬುದ್ಧಿ ಇದು. ಎಂಪಿಎಫ್‌ಐ ಗಾಡೀಲಿ ಇಂಜಿನ್ ಬಿಸಿ ಏರದೆ ಇದ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಇನ್ನೂ ತಣ್ಣಗಿದೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಸುರೀತಾನೇ ಇರುತ್ತೆ, ಅದು ಬೋರ್ ಮೇಲಿನ ಆಯಿಲ್ ಪದರಾನ ತೊಳೆದು ಹಾಕುತ್ತೆ, ಮೈಲೇಜೂ ಹೋಯ್ತು ರಿಂಗೂ ಹೋಯ್ತು. ಹೊಸ ಥರ್ಮೋಸ್ಟಾಟ್ ಹಾಕಿ, ರೇಡಿಯೇಟರ್ ಬಿಚ್ಚಿ ಫಿನ್ ಸಂದಿಲಿದ್ದ ಕೆಸರೆಲ್ಲ ತೆಗೆಸಿದ್ರು, ಅದಾದ್ಮೇಲೆ ಹೀಟಿಂಗ್ ಕಂಪ್ಲೇಂಟೇ ಇಲ್ಲ.

ಈಗ ಬೈಗುಳ. ಹೇಳಿದ ಟೈಮಿಗೆ ಕೊಡಲ್ಲ, ಬರ್ಕೊಳ್ಳಿ. ಬೋರಿಂಗ್ ಮಷೀನ್ ನಡೆಸೋದು ಒಬ್ರೇ, ಅವ್ರು ಊರ ಜಾತ್ರೆಗೆ ಹೋದ್ರೆ ಎಲ್ಲಾ ಕೆಲಸ ನಿಂತ್ಹೋಗುತ್ತೆ, ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ "ನಾಳೆ ಬನ್ನಿ ಸಾರ್". ಬಿಲ್ಲು ಅಂದ್ರೆ ಬಿಳೀ ಚೀಟಿ, ಲೇಬರ್ ಎಷ್ಟು ಲೇತ್ ಎಷ್ಟು ಅಂತ ಕೂತ್ಕೊಂಡು ಕೇಳಿ ಬರೆಸ್ಕೋಬೇಕು. ಪಾರ್ಟ್ಸೂ ಸೇರಿ ನಂಗೆ 60 ಸಾವಿರದ ಮೇಲಾಯ್ತು, ಹೊರಗಡೆ ಇದಕ್ಕಿಂತ ಕಮ್ಮಿಗೆ ಮಾಡೋರು ಇದ್ದಾರೆ. ಕ್ರ್ಯಾಂಕ್ ಮುಂದಿನ ಆಯಿಲ್ ಸೀಲ್ ಗಾಡಿ ಮನೆಗೆ ಬಂದ ವಾರದಲ್ಲೇ ಒಸರೋಕೆ ಶುರುವಾಯ್ತು, ವಾಪಸ್ ತಗೊಂಡ್ಹೋದ್ರೆ ಮುಖ ಗಂಟು ಹಾಕದೆ ಬೆಲ್ಟ್ ಎಲ್ಲಾ ಬಿಚ್ಚಿ ಬದಲಾಯಿಸಿ ಕೊಟ್ರು, ಕಾಸು ಕೇಳ್ಲಿಲ್ಲ, ಆದ್ರೂ ಒಂದಿಡೀ ದಿನ ಅಲ್ಲೇ ಕಾಫಿ ಕುಡೀತಾ ಕೂತಿದ್ದು ಲೆಕ್ಕಕ್ಕೆ ಸೇರಿಸ್ಬೇಕಲ್ಲ.

ರನ್ನಿಂಗ್-ಇನ್‌ಗೆ (ಹೊಸದಾಗಿ ಕಟ್ಟಿದ ಇಂಜಿನ್ ಹದಕ್ಕೆ ಬರೋ ಮೊದಲ ಓಟಕ್ಕೆ) ಸಾದಾ ಮಿನರಲ್ ಆಯಿಲ್ ಹಾಕಿ 500 ಕಿಲೋಮೀಟರ್‌ಗೆ ಚೇಂಜ್ ಮಾಡ್ಸಿ ಅಂದ್ರು, ಸುಮ್ನೆ ಐಡ್ಲಲ್ಲಿ ಬಿಟ್ಟು ನಿಲ್ಲಿಸ್ಬೇಡಿ, ಒಂದೇ ಸ್ಪೀಡಲ್ಲಿ ಹೋಗ್ಬೇಡಿ, ಸ್ವಲ್ಪ ಲೋಡ್ ಬಿದ್ರೇನೇ ರಿಂಗ್ ಬೋರಿಗೆ ಹೊಂದ್ಕೊಳ್ಳೋದು ಅಂದ್ರು. ಹಂಗೇ ಮಾಡ್ದೆ. ಈಗ ಬಿಸ್ಲೆ ಘಾಟ್ ಮೂರನೇ ಗೇರಲ್ಲಿ ಎಳ್ಕೊಂಡು ಹತ್ತುತ್ತೆ, ಹೊಗೆ ಇಲ್ಲ, ಆಯಿಲ್ ಇಳೀತಿಲ್ಲ.

ನನ್ ಕಡೆಯಿಂದ ನಾಲ್ಕು ಸ್ಟಾರು, ಒಂದು ಕಟ್ ಮಾಡಿದ್ದು ಆ ಫೋನ್ ಎತ್ತದ ಕೆಟ್ಟ ಚಾಳಿಗೆ. ಮಳೆಗಾಲಕ್ಕೆ ಮುಂಚೆ ತೋಟದ ಗಾಡಿಗಳೆಲ್ಲ ಒಟ್ಟಿಗೆ ಬಂದು ಬೀಳ್ತವೆ, ಆಗ ಹೋಗ್ಬೇಡಿ. ಹಳೇ 970 ಸಿಸಿ ಜಿಪ್ಸಿ ಇರೋರು ಗಾಡಿ ಕೊಡೋಕೆ ಮುಂಚೆ ಪಿಸ್ಟನ್ ಎಲ್ಲಿ ಸಿಗುತ್ತೆ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ, ಪಿಸ್ಟನ್ ಇಲ್ದೆ ಈ ಮನುಷ್ಯ ಬ್ಲಾಕ್ ಮುಟ್ಟಲ್ಲ.