ದೊಗಳೆ ಸ್ವೆಟರ್ ಮೈಗೆ ಕೂರಿಸಲು ನಾನು ಪಟ್ಟ ಪಾಡು: ಬಿಸಿನೀರು, ಡ್ರೈಯರ್, ಟೈಲರ್, ಕೈಹೊಲಿಗೆ

ನಮ್ಮಮ್ಮನ ಪ್ರಕಾರ ಸ್ವೆಟರ್ ಯಾವತ್ತೂ ಒಂದು ಸೈಜ್ ದೊಡ್ಡದೇ ಇರಬೇಕು. ಒಳಗೆ ಇನ್ನೊಂದು ಬಟ್ಟೆ ಹಾಕೋಕೆ ಜಾಗ ಬೇಕಲ್ಲ! ಹೋದ ಚಳಿಗಾಲದಲ್ಲಿ ಮೈಸೂರಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗೆ ಹೋದವಳು ನನಗೆ, ತಂಗಿಗೆ, ಅತ್ತಿಗೆಗೆ ಅಂತ ಮೂರು ತಂದಳು. ಮೆರೂನ್, ಹಸಿರು, ಬೂದು. ಮೂರೂ ಡಬಲ್ ಎಕ್ಸ್‌ಎಲ್. ನನ್ನ ಎದೆ ಸುತ್ತಳತೆ 36 ಇಂಚು, ಸ್ವೆಟರಿನದು 48. ತೋಳು ಬೆರಳು ಮುಚ್ಚುತ್ತಿತ್ತು, ಭುಜದ ಹೊಲಿಗೆ ತೋಳಿನ ಮೇಲೆ ಎರಡು ಇಂಚು ಇಳಿದು ಕೂತಿತ್ತು. ಬದಲಾಯಿಸೋಣ ಅಂದ್ರೆ ನಾನು ಬೆಂಗಳೂರಲ್ಲಿ, ಅವರು ಸೀಸನ್ ಮುಗಿಸಿ ಅಂಗಡಿ ಎತ್ತಿಯಾಗಿತ್ತು.

ತಂಗಿ, ಅತ್ತಿಗೆ ಇಬ್ಬರೂ 'ನೀನೇ ಏನಾದ್ರೂ ಮಾಡು' ಅಂತ ತಮ್ಮದನ್ನೂ ನನ್ನ ಕೈಗೇ ಹಾಕಿದರು. ಹೀಗಾಗಿ ಒಂದೇ ನೂಲಿನ, ಒಂದೇ ಅಳತೆಯ ಮೂರು ಸ್ವೆಟರ್ ಪ್ರಯೋಗಕ್ಕೆ ಸಿಕ್ಕವು. ಇಂಥ ಅದೃಷ್ಟ ಎಲ್ಲರಿಗೂ ಇರಲ್ಲ ಬಿಡಿ.

ಮೂರರ ಲೇಬಲ್ ಮೇಲೂ ನೂರಕ್ಕೆ ನೂರು ಅಕ್ರಿಲಿಕ್ ಅಂತ ಇತ್ತು. ಈ ಅಂಗಡಿಗಳಿಗೆ ಸರಕು ಹೆಚ್ಚಾಗಿ ಲುಧಿಯಾನಾದಿಂದ ಬರುತ್ತದೆ, ಹೆಚ್ಚಿನದು ಉಣ್ಣೆಯಲ್ಲ, ಅಕ್ರಿಲಿಕ್ಕೇ. ನಾವು ಸುಮ್ನೆ 'ಉಲನ್' ಅಂತೀವಿ. ಈ ಹೆಸರು ನಂಬಿಯೇ ನಾನು ಮೊದಲು ಎಡವಿದ್ದು.

'ಬಿಸಿನೀರಲ್ಲಿ ಹಾಕು, ಚಿಕ್ಕದಾಗತ್ತೆ' ಅಂದಿದ್ದು ಪಕ್ಕದ ಮನೆ ಆಂಟಿ. ಉಣ್ಣೆಗಾದರೆ ಅದು ನಿಜ. ಉಣ್ಣೆ ಎಳೆಯ ಮೇಲೆ ಮೀನಿನ ಮೈಮೇಲಿದ್ದ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತದೆ. ಬಿಸಿನೀರಲ್ಲಿ ಸೋಪು ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಯಾಗಿ ಕುಗ್ಗುತ್ತದೆ. ಅಕ್ರಿಲಿಕ್ ಅಂದರೆ ಒಂಥರಾ ಪ್ಲಾಸ್ಟಿಕ್. ಅದಕ್ಕೆ ಹುರುಪೆಯೂ ಇಲ್ಲ, ಸಿಕ್ಕಿಕೊಳ್ಳೋದೂ ಇಲ್ಲ. ಇದೆಲ್ಲ ನಾನು ಆಮೇಲೆ ಓದಿ ತಿಳಿದಿದ್ದು, ಸ್ವೆಟರ್ ಹಾಳಾದ ಮೇಲೆ.

ಹಸಿರು ಸ್ವೆಟರನ್ನು ಮೊದಲು ಗೀಸರ್ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಅಗಲ ಒಂದು ನೂಲಿನಷ್ಟೂ ಕಮ್ಮಿ ಆಗಲಿಲ್ಲ. ಒದ್ದೆಯನ್ನೇ ತಂತಿಗೆ ನೇತು ಹಾಕಿದ್ದಕ್ಕೆ ನೀರಿನ ಭಾರಕ್ಕೆ ಉದ್ದ ಒಂದೂವರೆ ಇಂಚು ಬೆಳೆಯಿತು. ನಾನಾದರೂ ಅಲ್ಲಿಗೆ ಬಿಡಬೇಕಿತ್ತು, ಅಲ್ವಾ? ಬಿಡಲಿಲ್ಲ. ಹಂಡೆಯಲ್ಲಿ ನೀರು ಕುದಿಸಿ ಅದರಲ್ಲೇ ಮುಳುಗಿಸಿದೆ. ಹೊರಗೆ ತೆಗೆದಾಗ ಸ್ವೆಟರ್ ಜೀವ ಹೋದ ಹಾಗೆ ಜೋತು ಬಿದ್ದಿತ್ತು. ಉಬ್ಬು ಪೂರ್ತಿ ಹೋಯಿತು. ಕೈ ತುದಿಯ ಬಾರ್ಡರ್, ಹಿಗ್ಗಿ ಕುಗ್ಗಿ ಮಣಿಕಟ್ಟು ಹಿಡಿಯಬೇಕಾದ ಪಟ್ಟಿ, ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯಿತು. ಅಳೆದರೆ ಎದೆ 50 ಇಂಚು!

ಕಾರಣ ಕೇಳಿದರೆ ನಗು ಬರುತ್ತದೆ. ಇಂಥ ಮೆತ್ತನೆ ಅಕ್ರಿಲಿಕ್ ನೂಲನ್ನು ಉಬ್ಬಿಸೋದೇ ಬಿಸಿ ಕೊಟ್ಟು. ಕುಗ್ಗುವ ಎಳೆ, ಕುಗ್ಗದ ಎಳೆ ಎರಡನ್ನೂ ಸೇರಿಸಿ ನೂತು ಹಬೆ ಹಾಯಿಸುತ್ತಾರೆ. ಒಂದು ಕುಗ್ಗಿದಾಗ ಜೊತೆಯಲ್ಲಿರುವ ಇನ್ನೊಂದು ಗುಂಗುರಾಗಿ ಹೊರಗೆ ಉಬ್ಬುತ್ತದೆ. ಅಂದ್ರೆ ಕುಗ್ಗಬೇಕಾದ್ದು ಕಾರ್ಖಾನೆಯಲ್ಲೇ ಕುಗ್ಗಿ ಆಗಿದೆ, ನಮಗೆ ಅಂತ ಏನೂ ಉಳಿಸಿಲ್ಲ. ಮತ್ತೆ ಜಾಸ್ತಿ ಬಿಸಿ ತಗುಲಿದರೆ ಎಳೆ ಮೆತ್ತಗಾಗಿ ಎಳೆದ ಕಡೆ ಬರುತ್ತದೆ, ತಣ್ಣಗಾದಾಗ ಹಾಗೇ ನಿಲ್ಲುತ್ತದೆ, ಹಿಂದಕ್ಕೆ ಬರಲ್ಲ. ಇಸ್ತ್ರಿಪೆಟ್ಟಿಗೆ ಒತ್ತಿದರೂ ಇದೇ ಕತೆ, ಜೊತೆಗೆ ಹೊಳಪು ಬೇರೆ ಬರುತ್ತದೆ. ಬಿಗಿಯಾದ ಸ್ವೆಟರನ್ನು ಸಡಿಲ ಮಾಡಬೇಕಿದ್ದರೆ ಹಬೆ ಒಳ್ಳೆ ಉಪಾಯ. ನನಗೆ ಬೇಕಿದ್ದು ಉಲ್ಟಾ.

ಡ್ರೈಯರ್ ವಿಷಯ ಬೇಗ ಮುಗಿಸುತ್ತೇನೆ. ಗೆಳತಿಯ ಮನೆಯ ಮಷಿನ್‌ನಲ್ಲಿ ಬೂದು ಸ್ವೆಟರನ್ನು 40 ನಿಮಿಷ ತಿರುಗಿಸಿದೆ. ಉದ್ದ ಮುಕ್ಕಾಲು ಇಂಚು ಇಳಿಯಿತು, ಅಗಲ ಇದ್ದಷ್ಟೇ. ಖುಷಿಪಟ್ಟು ಎರಡು ದಿನ ಹಾಕಿಕೊಂಡೆ, ಇಳಿದಿದ್ದು ವಾಪಸ್ ಬಂತು. ಕಂಕುಳ ಹತ್ತಿರ ಸಣ್ಣ ಉಂಡೆಗಳೂ ಎದ್ದಿದ್ದವು. ಹಸಿರಿನಷ್ಟು ಅನಾಹುತ ಆಗಲಿಲ್ಲ, ಲಾಭವೂ ಇಲ್ಲ.

ಇನ್ನು ಹೊಲಿಗೆ. ನಿಜವಾದ ಪೈಪೋಟಿ ಶುರುವಾಗೋದು ಇಲ್ಲಿ.

ಮೆರೂನ್ ಸ್ವೆಟರನ್ನು ಮೊದಲು ನನ್ನ ಬ್ಲೌಸ್ ಹೊಲಿಯುವ ಅಕ್ಕನ ಹತ್ತಿರ ತಗೊಂಡು ಹೋದೆ. 'ಇದು ಎಳೆಯತ್ತೆ ಮೇಡಂ, ಆಮೇಲೆ ನನ್ನ ಬೈಬೇಡಿ' ಅಂತ ಮೊದಲೇ ಹೇಳಿದರು. ಅವರದ್ದು ಮಾಮೂಲಿ ಮಷಿನ್, ನೇರ ಹೊಲಿಗೆ ಮಾತ್ರ. ಎರಡೂ ಪಕ್ಕ ಹಿಡಿದು ಕೊಟ್ಟರು. ಮಷಿನ್ ಕೆಳಗಿನ ಹಲ್ಲು ಹೆಣಿಗೆಯನ್ನು ಎಳೆದೆಳೆದು ಒಳಗೆ ತಗೊಂಡಿದ್ದಕ್ಕೆ ಹೊಲಿಗೆ ಅಲೆ ಅಲೆಯಾಗಿ ಬಂತು. ಅದನ್ನಾದರೂ ಸಹಿಸಬಹುದಿತ್ತು. ಮರುದಿನ ಬಟ್ಟೆ ಒಣಹಾಕೋಕೆ ಕೈ ಎತ್ತಿದೆ, ಟಪ್ ಅಂತ ಕಂಕುಳಲ್ಲಿ ದಾರ ಹೋಯಿತು. ಹೆಣಿಗೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗಲ್ಲ, ಪಾಪ ಅವರದ್ದೇನೂ ತಪ್ಪಿಲ್ಲ. ಮನೆಯಲ್ಲಿ ಅಂಥದ್ದೇ ಮಷಿನ್ ಇದ್ದವರಿಗೆ ಒಂದು ಮಾತು: ಅಡಿಯಲ್ಲಿ ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಅಲೆ ಏಳೋದು ಕಮ್ಮಿ ಆಗುತ್ತದೆ. ದುಂಡು ಮೊನೆಯ ಸೂಜಿ ಹಾಕಿದರೆ ನೂಲು ತುಂಡಾಗಲ್ಲ. ಝಿಗ್‌ಝಾಗ್ ಇದ್ದರಂತೂ ಅದನ್ನೇ ಹಾಕಿ.

ಆ ಹೊಲಿಗೆ ಬಿಚ್ಚಿ, ಟೀಶರ್ಟ್, ಟ್ರ್ಯಾಕ್ ಪ್ಯಾಂಟ್ ಆಲ್ಟರ್ ಮಾಡುವ ಅಂಗಡಿಗೆ ಹೋದೆ. ಅಲ್ಲಿ ಓವರ್‌ಲಾಕ್ ಮಷಿನ್ ಇತ್ತು. ಓವರ್‌ಲಾಕ್ ದಾರ ಕುಣಿಕೆ ಕುಣಿಕೆಯಾಗಿ ಹೋಗುವುದರಿಂದ ಸ್ವೆಟರ್ ಜೊತೆ ತಾನೂ ಹಿಗ್ಗುತ್ತದೆ, ಮತ್ತು ಮಿಕ್ಕ ಬಟ್ಟೆಯನ್ನು ಕತ್ತರಿಸುತ್ತಲೇ ಅಂಚನ್ನು ಸುತ್ತಿ ಕಟ್ಟುತ್ತದೆ, ನೂಲು ಬಿಚ್ಚುವ ಭಯವಿಲ್ಲ. ಆದರೆ ಕತ್ತರಿಸಿದ್ದು ಕತ್ತರಿಸಿದ್ದೇ. ಅದಕ್ಕೇ ಹಿಂದಿನ ರಾತ್ರಿ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡು, ತಂಗಿಯಿಂದ ಸೇಫ್ಟಿ ಪಿನ್ ಚುಚ್ಚಿಸಿಕೊಂಡೆ. ಆಮೇಲೆ ಅದೇ ಗೆರೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ಕೈ ಎತ್ತಿ, ಕೂತು, ಬಗ್ಗಿ ನೋಡಿದೆ. ಮೊದಲು 38 ಇಂಚಿಗೆ ಹಿಡಿದಿದ್ದೆ, ಒಳಗೆ ಕುರ್ತಾ ಇದ್ದಾಗ ಬಿಗಿ ಅನ್ನಿಸಿ 40ಕ್ಕೆ ಬಿಟ್ಟೆ. (ಅಮ್ಮನ ಮಾತಲ್ಲೂ ಸ್ವಲ್ಪ ನ್ಯಾಯ ಇದೆ ಅಂತಾಯ್ತು.) ಎರಡೂ ಪಕ್ಕ ಸಮವಾಗಿ, ಕೆಳಗಿನ ಬಾರ್ಡರ್‌ನಿಂದ ಕಂಕುಳವರೆಗೆ, ಅಲ್ಲಿಂದ ತೋಳಿನ ಅಡಿಯವರೆಗೆ ಒಂದೇ ಗೆರೆ. ಅರ್ಧ ಗಂಟೆ ಕೆಲಸ, 150 ರೂಪಾಯಿ. ಈಗ ಎಂಟು ಹತ್ತು ಸಲ ಒಗೆದಾಗಿದೆ, ಒಂದು ದಾರವೂ ಹೋಗಿಲ್ಲ.

ಬೂದು ಸ್ವೆಟರ್ ಅತ್ತಿಗೆಯದ್ದು. ಅವರಿಗೆ ಕತ್ತರಿ ಅಂದರೆ ಭಯ, ಮುಂದೆ ದಪ್ಪ ಆದರೆ ಬಿಚ್ಚೋಕೆ ಬರಬೇಕು ಅಂದರು. ಅದನ್ನು ಕೈಯಲ್ಲೇ ಹೊಲಿದೆ. ಅದೇ ಬಣ್ಣದ ತೆಳು ನೂಲು, ದಪ್ಪ ಕಣ್ಣಿನ ಸೂಜಿ, ಪ್ರತಿ ಹೊಲಿಗೆಗೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಹೊಲಿಗೆ. ದಾರ ಬಿಗಿಯಾಗಿ ಎಳೆಯಬಾರದು, ನಾಲ್ಕು ಬೆರಳಿಗೊಂದು ಸಲ ಬಟ್ಟೆಯನ್ನು ಹಿಗ್ಗಿಸಿ ನೋಡುತ್ತಾ ಹೋಗಬೇಕು. ಎರಡು ಸಂಜೆ ಹಿಡಿಯಿತು. ಗಟ್ಟಿಯಾಗೇ ಇದೆ. ಆದರೆ ಕತ್ತರಿಸದೆ ಬಿಟ್ಟ ಮೂರು ಬೆರಳು ಬಟ್ಟೆ ಒಳಗೇ ಮಡಿಚಿಕೊಂಡು ಪಕ್ಕೆಯಲ್ಲಿ ದಪ್ಪ ಕಾಣುತ್ತದೆ. ಹೊರಗಿನಿಂದ ನೋಡಿದರೆ ಓವರ್‌ಲಾಕ್ ಮಾಡಿಸಿದ್ದೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಬಿಚ್ಚುವ ಸಾಧ್ಯತೆ ಇಟ್ಟುಕೊಳ್ಳಬೇಕು ಅನ್ನುವವರಿಗೆ, ಅಥವಾ ಎರಡು ಇಂಚು ಮಾತ್ರ ಹಿಡಿಯಬೇಕಿದ್ದರೆ, ಕೈಹೊಲಿಗೆ ಸಾಕು.

ತೋಳಿನ ಉದ್ದಕ್ಕೆ ಮೊದಲು ಬಾರ್ಡರನ್ನು ಒಳಗೆ ಮಡಿಚಿ ಹೊಲಿದು ನೋಡಿದೆ. ಕೈಗೆ ಬಳೆ ಹಾಕಿದ ಹಾಗೆ ದಪ್ಪ. ಮ್ಯಾಚಿಂಗ್ ಸೆಂಟರಿನಲ್ಲಿ ಸಿಗುವ ತೆಳು ಎಲಾಸ್ಟಿಕ್ ದಾರ ಇದಕ್ಕಿಂತ ಎಷ್ಟೋ ವಾಸಿ. ಬಾರ್ಡರ್‌ನ ಒಳಬದಿಯಲ್ಲಿ ಮೂರು ಸುತ್ತು ಪೋಣಿಸಿ ಗಂಟು ಹಾಕಿದರೆ ಅದು ಮಣಿಕಟ್ಟನ್ನು ಹಿಡಿದು ಕೂರುತ್ತದೆ, ಜಾಸ್ತಿ ಉದ್ದ ಅದರ ಮೇಲೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ. ಕುದಿಸಿ ಕೆಡಿಸಿದ ಹಸಿರು ಸ್ವೆಟರಿನ ಕೈಗೂ ಇದನ್ನೇ ಹಾಕಿ ಒಂದಿಷ್ಟು ಮರ್ಯಾದೆ ಉಳಿಸಿದೆ. ತಂಗಿ ಅದನ್ನು ಈಗ ಮನೆಯಲ್ಲಿ, ರಾತ್ರಿ ಮಾತ್ರ ಹಾಕುತ್ತಾಳೆ.

ಭುಜ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಪಕ್ಕ ಎಷ್ಟು ಹಿಡಿದರೂ ಇಳಿದ ಭುಜ ಮೇಲೆ ಬರಲ್ಲ. ತೋಳು ಬಿಚ್ಚಿ, ಭುಜ ಕತ್ತರಿಸಿ, ಮತ್ತೆ ತೋಳು ಕೂರಿಸಬೇಕು. ಆಲ್ಟರೇಷನ್ ಅಂಗಡಿಯವರು ಅದಕ್ಕೆ 400 ಕೇಳಿದರು. ಅಮ್ಮ ಸ್ವೆಟರಿಗೆ ಕೊಟ್ಟಿದ್ದೇ 600. ನನ್ನ ಮೆರೂನ್ ಸ್ವೆಟರಿನ ಭುಜ ಇವತ್ತಿಗೂ ಎರಡು ಇಂಚು ಕೆಳಗೇ ಇದೆ, ಮೇಲೆ ಶಾಲು ಹೊದ್ದರೆ ಯಾರಿಗೂ ಕಾಣಲ್ಲ.