ಕಾಯಿ ಚಟ್ನಿಗೆ ಯಾವುದು: ಯುರೋಪಿನ ಬ್ಲೆಂಡರೋ, ನಮ್ಮ ಮಿಕ್ಸಿಯೋ?

ಹನ್ನೊಂದು ವರ್ಷದಿಂದ ನಮ್ಮ ಬಸವನಗುಡಿ ಮನೆಯಲ್ಲಿ ಒಂದೇ ಮಿಕ್ಸಿ. 750 ವಾಟ್, ಮೂರು ಸ್ಟೀಲ್ ಜಾರ್, ಆಗ 4,200 ರೂಪಾಯಿ. ನನ್ನ ಮೆಚ್ಚುಗೆ ಇದಕ್ಕೇ ಅಂತ ಮೊದಲೇ ಹೇಳಿಬಿಡುತ್ತೇನೆ. ಆದರೂ ಎರಡು ವರ್ಷದ ಹಿಂದೆ ಯುಗಾದಿ ರಿಯಾಯಿತಿಯಲ್ಲಿ 14,500 ಕೊಟ್ಟು ಯುರೋಪಿನ ಕಂಪನಿಯೊಂದರ ಬ್ಲೆಂಡರ್ ಕೊಂಡೆ. ಹೊರದೇಶದ ಮಾಲು ಗಟ್ಟಿ ಎಂಬ ನಂಬಿಕೆ ನಮ್ಮ ತಂದೆಯ ಕಾಲದಿಂದಲೂ ಮನೆಯಲ್ಲಿತ್ತು.

ಸದ್ದಿನಲ್ಲಿ ಬ್ಲೆಂಡರೇ ಮೇಲು. ಹಣ್ಣಿನ ಜ್ಯೂಸೂ ಅದರಲ್ಲಿ ನುಣ್ಣಗಾಗುತ್ತದೆ.

ತೊಂದರೆ ಶುರುವಾದದ್ದು ಚಟ್ನಿಯಿಂದ. ಅರ್ಧ ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಮೂರು ಜನಕ್ಕೆ ಅಷ್ಟೇ ಸಾಕು. ಆ ಎತ್ತರದ ಜಾರಿನಲ್ಲಿ ಅಷ್ಟು ಹಾಕಿದರೆ ಕಾಯಿಯೆಲ್ಲ ಗೋಡೆಗೆ ಅಂಟಿಕೊಂಡು ಬ್ಲೇಡ್ ಸುಮ್ಮನೆ ತಿರುಗುತ್ತದೆ. ನಿಲ್ಲಿಸಿ, ಚಮಚದಲ್ಲಿ ಕೆಳಗೆ ತಳ್ಳಿ, ಮತ್ತೆ ತಿರುಗಿಸಬೇಕು. ಹೀಗೆ ಐದಾರು ಸಲ. ನೀರು ಹಾಕಿದರೆ ಅರೆಯುತ್ತದೆ, ಆದರೆ ಚಟ್ನಿ ತಟ್ಟೆ ತುಂಬ ಹರಿಯುತ್ತದೆ. ನಮ್ಮ ಮಿಕ್ಸಿಯ ಚಟ್ನಿ ಜಾರ್ ಗಿಡ್ಡ, ಬ್ಲೇಡ್ ತಳಕ್ಕೆ ಹತ್ತಿಕೊಂಡೇ ಇರುತ್ತದೆ. ಎರಡು ಚಮಚ ನೀರಿನಲ್ಲಿ ಗಟ್ಟಿ ಚಟ್ನಿ ತಯಾರು. ಇನ್ನು ಸಾರಿನ ಪುಡಿ? ಒಣ ಮಸಾಲೆ ಹಾಕಬೇಡಿ ಎಂದು ಬ್ಲೆಂಡರಿನ ಪುಸ್ತಕದಲ್ಲೇ ಬರೆದಿತ್ತು. ಕೊಂಡ ಮೇಲೆ ಓದಿದೆ.

ಎಂಟನೇ ತಿಂಗಳಿಗೆ ಜಾರಿನ ತಳದಿಂದ ನೀರು ಸೋರತೊಡಗಿತು. ರಬ್ಬರ್ ವಾಷರ್ ಹೋಗಿತ್ತು, ಅಷ್ಟೇ. ಸರ್ವೀಸ್ ಸೆಂಟರಿನಲ್ಲಿ ವಾಷರ್ ಬಿಡಿಯಾಗಿ ಕೊಡುವುದಿಲ್ಲವಂತೆ. ಬ್ಲೇಡ್ ಸಮೇತ ಇಡೀ ತಳವನ್ನೇ ಕೊಳ್ಳಬೇಕು, 3,800 ರೂಪಾಯಿ, ಅದೂ ಹೊರದೇಶದಿಂದ ಬರಬೇಕು. ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಒಬ್ಬ ಅಂಗಡಿಯವರು ಹತ್ತಾರು ವಾಷರ್ ಹಾಕಿ ನೋಡಿ, 'ಇದಕ್ಕೆ ಯಾವುದೂ ಕೂರಲ್ಲಮ್ಮ, ಮಿಕ್ಸಿದಾದ್ರೆ ಎಷ್ಟು ಬೇಕಾದ್ರೂ ಕೊಡ್ತೀನಿ' ಎಂದರು. ಕೊನೆಗೆ ದುಡ್ಡು ಕಟ್ಟಿ ಏಳು ವಾರ ಕಾದೆ. ಅಷ್ಟು ದಿನವೂ ಅಡುಗೆ ನಡೆದದ್ದು ಹಳೇ ಮಿಕ್ಸಿಯಲ್ಲಿ. ಅದರ ವಾಷರ್ ಗಾಂಧಿ ಬಜಾರ್ ಪಕ್ಕದ ಗಲ್ಲಿಯಲ್ಲಿ 30 ರೂಪಾಯಿ. ಬುಷ್ ಸವೆದಾಗ 80 ಕೊಟ್ಟೆ, ನಾನು ತರಕಾರಿ ಕೊಂಡು ಬರುವಷ್ಟರಲ್ಲಿ ಹಾಕಿಟ್ಟಿದ್ದರು.

ಇದು ಇವತ್ತಿನ ಕಥೆಯಲ್ಲ. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಸುಮೀತ್ ಮಿಕ್ಸಿ ಮಾಡಿದ್ದೇ ಇಂಥ ಕಾರಣಕ್ಕೆ: ಹೆಂಡತಿ ಮಾಧುರಿಯವರ ಜರ್ಮನ್ ಮಿಕ್ಸರ್ ನಮ್ಮ ಅರೆಯುವ ಕೆಲಸಕ್ಕೆ ತಾಳದೆ ಕೆಟ್ಟುಹೋಗಿತ್ತು. ಬೇಳೆ, ಅರಿಸಿನ, ಕೊಬ್ಬರಿ ಎಲ್ಲ ಲೆಕ್ಕಕ್ಕಿಟ್ಟು ಕಟ್ಟಿದ ಮೋಟರ್ ಅದು. ನಮ್ಮ ದೇಶದ್ದು ಎಂದು ನಾನು ಹೆಮ್ಮೆಪಡುವುದು ಈ ಲೆಕ್ಕಾಚಾರದ ಬಗ್ಗೆ. ಮಾಲೀಕರು ಯಾರು ಎಂದು ಹುಡುಕಹೊರಟರೆ ಗೊಂದಲವೇ ಹೆಚ್ಚು. ಚೆನ್ನೈಯ ಪ್ರೀತಿ ಮಿಕ್ಸಿ ಕಂಪನಿಯನ್ನು 2011ರಲ್ಲಿ ಫಿಲಿಪ್ಸ್ ಕೊಂಡಿತು. ಹಾಗಂತ ಆ ಮಿಕ್ಸಿ ಚಟ್ನಿ ಅರೆಯುವುದನ್ನು ಬಿಟ್ಟಿಲ್ಲ.

ದೋಸೆ ಹಿಟ್ಟಿಗೆ ಇವೆರಡೂ ಬೇಡ, ಕೊಯಮತ್ತೂರಿನ ಕಲ್ಲಿನ ಗ್ರೈಂಡರೇ ಆಗಬೇಕು.

ದಿನಾ ಚಟ್ನಿ, ವಾರಕ್ಕೊಮ್ಮೆ ಹುಳಿಪುಡಿ, ತಿಂಗಳ ಖರ್ಚಿಗೆ ಪಿಂಚಣಿ ಇರುವ ನನ್ನಂಥವರು ಮಿಕ್ಸಿಯನ್ನೇ ಕೊಳ್ಳಿ. ಬ್ಲೆಂಡರನ್ನು ವೈಟ್‌ಫೀಲ್ಡಿನ ಮಗಳ ಮನೆಗೆ ಕಳಿಸಿದ್ದೇನೆ. ಬೆಳಿಗ್ಗೆ ಬಾಳೆಹಣ್ಣು, ಓಟ್ಸ್ ಅರೆದು ಕುಡಿದು ಆಫೀಸಿಗೆ ಓಡುವ ಅವಳಿಗೆ ಅದು ಹೊಂದುತ್ತದೆ. ನಾನು ಹೋದ ವಾರ ಮಿಕ್ಸಿಗೆ ಹೊಸ ಚಟ್ನಿ ಜಾರ್ ತಂದೆ, 550 ರೂಪಾಯಿ. ಮೋಟರ್ ಹಳೆಯದೇ ಇದೆ.