ಜಾವಾದ ಹಳ್ಳಿಯಲ್ಲಿ ಮನೆ: ಬಾಡಿಗೆಯೋ, ಬಳಕೆ ಹಕ್ಕೋ?

ಮಧ್ಯ ಜಾವಾದ ಮಗೆಲಾಂಗ್ ಸುತ್ತಿನ ಗದ್ದೆಹಳ್ಳಿಯಲ್ಲಿ ನೆಲೆಸಬೇಕೆನ್ನುವ ನೀವು ಮೊದಲು ತಿಳಿಯಬೇಕಾದದ್ದು: ಇಂಡೋನೇಷ್ಯಾದ 1960ರ ಭೂಕಾನೂನಿನಂತೆ ಪೂರ್ಣ ಒಡೆತನ, ಅಂದರೆ ‘ಹಕ್ ಮಿಲಿಕ್’, ಅಲ್ಲಿನ ನಾಗರಿಕರಿಗೆ ಮಾತ್ರ. ವಿದೇಶಿಯರಿಗೆ ಉಳಿಯುವುದು ಬಾಡಿಗೆ ಅಥವಾ ‘ಹಕ್ ಪಕಾಯ್’ ಎಂಬ ಬಳಕೆ ಹಕ್ಕು.

ಖರ್ಚಿನಲ್ಲಿ ಬಾಡಿಗೆಯೇ ಹಗುರ. ಇಡೀ ವರ್ಷದ್ದನ್ನು ಮುಂಗಡ ಕೊಡುವ ರೂಢಿ ಅಲ್ಲಿದೆ. ಬಳಕೆ ಹಕ್ಕಿನಲ್ಲಿ ಮನೆ ಕೊಳ್ಳಲು ಪ್ರಾಂತಕ್ಕೊಂದು ಕನಿಷ್ಠ ಬೆಲೆಯ ಮಿತಿಯಿದೆ. ಸಾಧಾರಣ ಹಳ್ಳಿಮನೆಗೆ ಆ ಬೆಲೆ ಬರುವುದೇ ಅಪರೂಪ.

ಭದ್ರತೆಯಲ್ಲಿ ಮಾತು ತಿರುಗುತ್ತದೆ. 2021ರ ನಿಯಮದಂತೆ ಬಳಕೆ ಹಕ್ಕು 30 ವರ್ಷ, ವಿಸ್ತರಣೆ 20, ನವೀಕರಣ ಮತ್ತೆ 30. ಬಾಡಿಗೆಯ ಆಯುಷ್ಯ ಕರಾರಿನಷ್ಟೇ.

ಸ್ಥಳೀಯರ ಹೆಸರಲ್ಲಿ ಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅಂಥ ವ್ಯವಹಾರ ಕಾನೂನಿನಲ್ಲಿ ಅಸಿಂಧು, ಜಮೀನು ಸರ್ಕಾರದ ಪಾಲಾಗಬಹುದು.

ಓಡಾಟ ಎರಡರಲ್ಲೂ ಒಂದೇ: ಮಗೆಲಾಂಗಿಗೆ ರೈಲಿಲ್ಲ, ಯೋಗ್ಯಕರ್ತಕ್ಕೇ ಹೋಗಬೇಕು. ಹಳ್ಳಿಯೊಳಗೆ ಬೈಕೇ ಗತಿ.

ಒಂದೆರಡು ವರ್ಷ ಇದ್ದು, ಊರಿನ ಸಾಮೂಹಿಕ ಕೆಲಸಗಳಲ್ಲಿ ಕೈಜೋಡಿಸಿ ಜನರನ್ನು ಅರಿಯುವ ಆಸೆಯಿದ್ದರೆ ಬಾಡಿಗೆ ಸಾಕು. ಕುಟುಂಬ ಸಮೇತ ದಶಕಗಳ ಕಾಲ ಇರುವವರಿಗೆ, ಕೈಯಲ್ಲಿ ದುಡ್ಡೂ ಇದ್ದರೆ, ಬಳಕೆ ಹಕ್ಕು ಸರಿ.